ರಾತ್ರಿ ಏನದ ನಿಮ್ಮೂರಾಗ?

ಹತ್ರಿ, ಹಿಂದ ಕೂಡ್ರಿ, ಚೀಲ ಕಾಲಾಗ ಇಟ್ಕೋರಿ.
ಕುದುರಿ ಹೆಸರು ಬದಾಮಿ.
ಇಲ್ರಿ, ಬದಾಮಿ ಊರಿಗೆ ಹೋಗೂದಿಲ್ಲ, ಅದಕ್ಕ ಬಸ್ ಅದ.
ಇಕಿ ಸ್ಟೇಷನ್ದಿಂದ ಗಾಂಧಿ ಚೌಕ, ಚೌಕದಿಂದ ಮನಿ,
ಅದರ ಆಚಿ ಆಸೆ ಇಟ್ಕೊಂಡಾಕಿ ಅಲ್ಲ.

ಕೇಳಿದ್ರಲ್ಲ, ರಾತ್ರಿ ಏನದ ನಿಮ್ಮೂರಾಗ ಅಂತ.
ಬ್ಯಾಂಕಾಕ್ ನೋಡೀರಿ, ಸಿಂಗಾಪುರ ನೋಡೀರಿ,
ಅಲ್ಲಿ ರಾತ್ರಿಗೆ ಮಲಗೂ ಚಟನ ಇಲ್ಲ ಅಂದ್ರಿ.
ಇಲ್ಲಿ ಹತ್ತಕ್ಕ ಶಟರ್ ಬೀಳ್ತಾವ ಸಾಹೇಬ್ರ.
ಆದ್ರ ಶಟರಿನ ಮುಂದ ಒಂದು ಕಟ್ಟಿ ಇರ್ತದಲ್ಲ,
ಊರು ಆವಾಗ ಅಲ್ಲಿ ಬಂದು ಕುಂದರ್ತದ.

ಮೊದಲ ಹಾಲು. ನಗಬ್ಯಾಡ್ರಿ.
ಗುರಪಾದನ ಕಡಾಯಿ, ಬಂಡಿ ಗಾಲಿಯಷ್ಟು ಅಗಲ,
ಸಂಜಿ ಆರಕ್ಕ ಬೆಂಕಿ ಮ್ಯಾಲ ಕೂಡಿಸಿದ್ದು
ಹನ್ನೊಂದಕ್ಕ ಕೆಂಪಗಾಗಿ ಮಾತಾಡ್ತದ.
ಕೆನಿ ಕೇಳಿ ಹಾಕಿಸ್ಕೋರಿ,
ಕೇಳದವರ ಪಾಲು ಅವನ ಗೆಳ್ಯಾರಿಗೆ.
ಮೈಕಿಲ್ಲ, ಬಣ್ಣದ ದೀಪ ಇಲ್ಲ,
ಒಂದು ಲೋಟದಿಂದ ಇನ್ನೊಂದು ಲೋಟಕ್ಕ
ಮಾರುದ್ದ ಹಾರ್ತದ ಹಾಲು,
ನಮ್ಮೂರ ಡ್ಯಾನ್ಸು ಅದ.

ಆಮ್ಯಾಲ ಬಾರಾಕಮಾನ್.
ಗೇಟ್ ಹಾಕಿರ್ತಾರ, ರಸ್ತಾದಾಗ ನಿಂತು ನೋಡ್ರಿ.
ಅರಸ ಮುಗಸಲಿಲ್ಲ, ಮ್ಯಾಲ ಛತ್ತು ಬರಲಿಲ್ಲ.
ಮುಗದಿದ್ರ ಕತ್ತಲಿ ಒಳಗ ಮಲಗತಿತ್ತು;
ಈಗ ಚಂದ್ರ ಚೀಟಿ ತಗೀದ ಒಳಗ ಬರ್ತಾನ,
ಕಮಾನಿಂದ ಕಮಾನಿಗೆ ಅಡ್ಡಾಡಿ
ಯಾವ ಬಾಗಿಲಿಂದ ಬಂದೆ ಅನ್ನೂದ ಮರೀತಾನ.

ನಾಳೆ ಊಟಕ್ಕ ಸಂಗವ್ವನ ಖಾನಾವಳಿ.
ಬೋರ್ಡ್ ಇಲ್ಲ. ರೊಟ್ಟಿ ಬಡಿಯೂ ಸಪ್ಪಳ ಹಿಡದು ಹೋಗ್ರಿ,
ಎರಡು ಸಂದಿ ತಪ್ಪಿದ್ರೂ ಮೂರನೇದು ಅದ.
ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಕೆನಿ ಮೊಸರು.
ಖಾರ ಕಡಿಮಿ ಹಾಕ್ರಿ ಅನ್ನಬ್ಯಾಡ್ರಿ.
ಆಕಿ ಬಾಯಿಬಿಟ್ಟು ಏನೂ ಅನ್ನೂದಿಲ್ಲ,
ಸುಮ್ಮನ ಒಂದು ದೊಡ್ಡ ಬೆಣ್ಣಿ ಉಂಡಿ ಇಡ್ತಾಳ.
ಅದು ಪ್ರೀತಿ ಅಲ್ಲ, ಬೈಗುಳ.

ತೋಪು ನೋಡ್ರಿ, ತಾಜ್ ಬಾವಡಿ ನೋಡ್ರಿ,
ಇಬ್ರಾಹಿಂ ರೋಜಾಕ್ಕ ಸಂಜಿ ಬಿಸಿಲು ಇಟ್ಕೋರಿ.
ಗೋಳಗುಮ್ಮಟಕ್ಕ ಮಾತ್ರ ಮುಂಜಾನೆ ಹೋಗಬೇಕು,
ಸಾಲಿ ಹುಡುಗ್ರು ಬಸ್ಸಿಂದ ಇಳಿಯೂದರೊಳಗ.
ಇಳದ್ರೋ ಮುಗೀತು, ಒಂದು ಕೂಗಿಗೆ ಏಳು ಕೂಗು,
ಐವತ್ತು ಹುಡುಗ್ರು, ಲೆಕ್ಕ ನೀವ ಹಾಕ್ರಿ.

ಯಾರೂ ಇಲ್ಲದಾಗ ಮ್ಯಾಲ ಗೋಡಿಗೆ ಕಿವಿ ಹಚ್ಚಿದ್ರ
ಆಚಿ ದಂಡಿಯ ಪಿಸುಮಾತು ಈಚಿ ದಂಡಿಗೆ.
ಲಗ್ನಾದ ವರ್ಷ ಮಾಲನಬಿನ್ನ ಕರಕೊಂಡು ಹೋಗಿದ್ದೆ.
ಮನಿ ತುಂಬ ಮಂದಿ, ಒಂದ ಖೋಲಿ,
ಮೂರು ತಿಂಗಳಾದ್ರೂ ನಮ್ಮ ಮಾತು
ಉಪ್ಪು, ನೀರು, ಹುಲ್ಲು ಇಷ್ಟರೊಳಗ.
ಆಕಿನ್ನ ಆಚಿ ನಿಂದರಿಸಿ, ನಾ ಈಚಿ ಕುಂತೆ.
ಸಿನಿಮಾದಾಗ ಅಂದಂಗ ಏನರೆ ಅಂತಾಳ ಅಂತ
ಉಸರು ಬಿಗಿಹಿಡದು ಕಾದೆ.
ಭಾಳ ಹೊತ್ತು ಕಲ್ಲು ಸುಮ್ಮನಿತ್ತು.
ಆಮ್ಯಾಲ ಕಿವಿ ಒಳಗ, ಇಷ್ಟ ಹತ್ತಿರ,
"ನಂಗ ಹಸಿವ್ಯಾಗೇದ."

ಅಷ್ಟ.
ಇಳದು ಬಂದು ಗಾಡಿ ಮ್ಯಾಲ ಸುಸಲಾ ತಿಂದ್ವಿ,
ಒಂದ ಕಾಗದದಾಗ, ಮ್ಯಾಲ ಎರಡು ಮಿರ್ಚಿ.
ಆಕಿ ಮಿರ್ಚಿಯ ಹಿಟ್ಟು ತಿಂದು ಮೆಣಸಿನಕಾಯಿ ನಂಗ ಕೊಟ್ಲು.
ಇಪ್ಪತ್ತೆಂಟು ವರ್ಷ ಆತು, ಇನ್ನೂ ಹಂಗ ಕೊಡ್ತಾಳ.
ನಾನೂ ತಿಂತೀನಿ, ಕಣ್ಣಾಗ ನೀರು ಬರ್ತದ,
ಖಾರಕ್ಕ ಅಂತೀನಿ.

ನೀವು ಒಬ್ರ ಬಂದೀರಿ ಕಾಣ್ತದ.
ಆದ್ರೂ ಮ್ಯಾಲ ಹೋಗ್ರಿ, ಗೋಡಿಗೆ ಏನರೆ ಹೇಳ್ರಿ.
ಆಚಿ ಯಾರರ ಗುರ್ತಿಲ್ಲದವರು ಕುಂತಿರ್ತಾರ,
ಅವರಿಗೂ ಹಸಿವಿರ್ತದ.

ಬದಾಮಿ ನಿಂತ್ಲು ನೋಡ್ರಿ.
ನಾ ಲಗಾಮು ಎಳದಿಲ್ಲ.
ಗುರಪಾದನ ಕಡಾಯಿ ಬಂತು, ಇಳೀರಿ.
ಬಾಡಗಿ ಆಮ್ಯಾಲ ಕೊಡೂರಂತ,
ಕೆನಿ ಕೇಳೂದ ಮರೀಬ್ಯಾಡ್ರಿ.